ಹಳೆಯ ಮಸ್ಟ್ಯಾಂಗ್‌ಗೆ ಸ್ವೇ ಬಾರ್: ಎಷ್ಟು ದಪ್ಪ ಬೇಕು, ಹಿಂದೆಯೂ ಬೇಕೇ?

1965–66ರ ಫೋರ್ಡ್ ಮಸ್ಟ್ಯಾಂಗ್ ಅನ್ನು ತಿರುವಿನಲ್ಲಿ ಸ್ವಲ್ಪ ಜೋರಾಗಿ ಓಡಿಸಿದರೆ ಅದರ ದೋಷ ತಕ್ಷಣ ಗೊತ್ತಾಗುತ್ತದೆ. ಬಾಡಿ ಹೊರಗಡೆಗೆ ವಾಲುತ್ತದೆ, ಹೊರಬದಿಯ ಮುಂಚಕ್ರದ ತಲೆ ಹೊರಕ್ಕೆ ಬಾಗುತ್ತದೆ, ಟೈರು ತನ್ನ ಅಂಚಿನ ಮೇಲೆ ನಿಂತು ಕಿರುಚುತ್ತದೆ. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೇರಕ್ಕೇ ಹೋಗಲು ನೋಡುತ್ತದೆ. ಇದಕ್ಕೆ ಸ್ವೇ ಬಾರ್, ಅಂದರೆ ಬಾಡಿ ವಾಲುವುದನ್ನು ತಡೆಯುವ ಉಕ್ಕಿನ ಸರಳು, ಒಳ್ಳೆಯ ಮದ್ದು. ಆದರೆ ಮಾರಾಟಕ್ಕಿರುವ ಸೆಟ್‌ಗಳಲ್ಲಿ ಅತಿ ದಪ್ಪದ್ದನ್ನು ಆರಿಸಿ ಹಿಂದೆ ಮುಂದೆ ಎರಡೂ ಕಡೆ ಒಟ್ಟಿಗೆ ಹಾಕಿಸುವುದು ತಪ್ಪು ದಾರಿ. ಬೀದಿಯಲ್ಲಿ ಓಡುವ ಕಾರಿಗೆ ನಮ್ಮ ಸಲಹೆ ಇಷ್ಟು: ಮೊದಲು ಮುಂದೆ 1 ಇಂಚಿನ ಬಾರ್ ಮಾತ್ರ ಹಾಕಿ, ಓಡಿಸಿ ನೋಡಿ. ಹಿಂದಿನದರ ಮಾತು ಆಮೇಲೆ.

ಕೊಳ್ಳುವ ಮೊದಲು ಕಾರಿನ ಕೆಳಗೆ ಮಲಗಿ ನೋಡಿ. ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್, ಸ್ಟ್ರಟ್ ರಾಡ್ (ಆ ತೋಳು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಸರಳು) ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಇವುಗಳಲ್ಲಿ ಯಾವುದಾದರೂ ಸವೆದಿದ್ದರೆ ಅದನ್ನೇ ಮೊದಲು ಬದಲಿಸಿ. ಸ್ಟ್ರಟ್ ರಾಡ್‌ನ ರಬ್ಬರ್ ಸತ್ತಿದ್ದರೆ ಬ್ರೇಕ್ ಹಾಕಿದಾಗ ಚಕ್ರವೇ ಹಿಂದಕ್ಕೆ ಸರಿಯುತ್ತದೆ. ಎಂಥ ಬಾರ್ ಹಾಕಿದರೂ ಅದು ಸರಿಹೋಗದು. ಸ್ಪ್ರಿಂಗ್ ಕುಸಿದಿದ್ದರೆ ಅದನ್ನೂ ಬಾರ್ ಎತ್ತಿ ನಿಲ್ಲಿಸುವುದಿಲ್ಲ.

ಬಾರ್ ಎಂದರೆ ಯು ಆಕಾರಕ್ಕೆ ಬಗ್ಗಿಸಿದ ಸ್ಪ್ರಿಂಗ್ ಉಕ್ಕಿನ ಸರಳು. ನಡುಭಾಗ ಚಾಸಿಗೆ ಬುಷ್‌ಗಳಲ್ಲಿ ಕೂರುತ್ತದೆ, ಎರಡು ತುದಿಗಳು ಲಿಂಕ್ ಮೂಲಕ ಎರಡು ಲೋವರ್ ಆರ್ಮ್‌ಗಳಿಗೆ ಸೇರುತ್ತವೆ. ರಸ್ತೆಯ ಅಗಲಕ್ಕೂ ಹಾಕಿದ ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏರಿದಾಗ ಬಾರ್ ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಏನನ್ನೂ ತಡೆಯುವುದಿಲ್ಲ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಅದು ತಿರುಚಿಕೊಂಡು ಆ ಹೊಡೆತವನ್ನು ಇನ್ನೊಂದು ಬದಿಗೂ ದಾಟಿಸುತ್ತದೆ. ದಪ್ಪ ಬಾರ್‌ಗೆ ನೀವು ತೆರುವ ಬೆಲೆ ಇದೇ: ಗುಂಡಿ ಬಿದ್ದ ರಸ್ತೆಯಲ್ಲಿ ಕಾರು ಎಡಕ್ಕೂ ಬಲಕ್ಕೂ ತಲೆ ಅಲ್ಲಾಡಿಸುತ್ತದೆ.

ಬಾರ್ ವಾಲುವುದನ್ನು ಕಡಿಮೆ ಮಾಡುತ್ತದೆ ನಿಜ. ಆದರೆ ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸರಿಯುವ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅದನ್ನು ನಿರ್ಧರಿಸುವುದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ಬಿರುಸು. ಬಾರ್‌ನ ಕೈಯಲ್ಲಿರುವುದು ಆ ಭಾರದಲ್ಲಿ ಮುಂದಿನ ಆಕ್ಸಲ್ ಪಾಲೆಷ್ಟು, ಹಿಂದಿನದರ ಪಾಲೆಷ್ಟು ಎಂಬ ಹಂಚಿಕೆ. ಯಾವ ಕಡೆ ಗಡಸು ಹೆಚ್ಚೋ ಆ ಕಡೆಯ ಹೊರಚಕ್ರ ಹೆಚ್ಚು ಹೊರುತ್ತದೆ, ಆ ಆಕ್ಸಲ್ ಮೊದಲು ಹಿಡಿತ ಬಿಡುತ್ತದೆ. ಹಾಗಾಗಿ ಪುಸ್ತಕದ ಲೆಕ್ಕದಲ್ಲಿ ಮುಂದೆ ದಪ್ಪ ಬಾರ್ ಹಾಕಿದರೆ ಅಂಡರ್‌ಸ್ಟಿಯರ್, ಅಂದರೆ ಮೂತಿ ತಿರುಗದೆ ನೇರಕ್ಕೆ ಹೋಗುವ ಗುಣ, ಹೆಚ್ಚಬೇಕು.

ಮಸ್ಟ್ಯಾಂಗ್‌ನಲ್ಲಿ ಒಂದು ಹಂತದವರೆಗೆ ಇದು ತಲೆಕೆಳಗಾಗುತ್ತದೆ, ಏಕೆಂದರೆ ಅದರ ಅಪ್ಪರ್ ಆರ್ಮ್ (ಚಕ್ರವನ್ನು ಮೇಲಿನಿಂದ ಹಿಡಿಯುವ ತೋಳು) ಜೋಡಣೆ ಅಷ್ಟು ಒಳ್ಳೆಯದಲ್ಲ. ಬಾಡಿ ವಾಲಿದಷ್ಟೂ ಹೊರಚಕ್ರ ತಪ್ಪು ದಿಕ್ಕಿಗೆ ಬಾಗುತ್ತದೆ. ವಾಲುವುದನ್ನು ತಡೆದರೆ ಟೈರು ನೆಟ್ಟಗೆ ನಿಲ್ಲುತ್ತದೆ, ಪೂರ್ತಿ ಅಗಲ ರಸ್ತೆಗೆ ಒತ್ತುತ್ತದೆ. ಈ ಲಾಭ ಭಾರದ ಹಂಚಿಕೆಯ ನಷ್ಟಕ್ಕಿಂತ ದೊಡ್ಡದು. ಮಸ್ಟ್ಯಾಂಗ್‌ನಿಂದಲೇ ಮಾಡಿದ 1965ರ ಶೆಲ್ಬಿ ಜಿಟಿ350 ಕಾರಿನಲ್ಲಿ ಮಾಡಿದ್ದೂ ಇದನ್ನೇ: ಮುಂದೆ 1 ಇಂಚಿನ ಬಾರ್, ಅಪ್ಪರ್ ಆರ್ಮ್‌ನ ಒಳ ತಿರುಗುಬಿಂದು 1 ಇಂಚು ಕೆಳಕ್ಕೆ. ಹಿಂದೆ ಬಾರ್ ಇರಲಿಲ್ಲ.

ಇನ್ನು ದಪ್ಪದ ಲೆಕ್ಕ. ಘನ ಸರಳಿನ ಗಡಸು ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ನಿಮ್ಮ ಕಾರಿನ ಹಳೆಯ ಬಾರನ್ನು ಬಣ್ಣ ಕೆರೆದು ವರ್ನಿಯರ್‌ನಿಂದ ಅಳೆಯಿರಿ. 11/16 ಇಂಚು ಎಂದಿಟ್ಟುಕೊಳ್ಳೋಣ. ಅದಕ್ಕೆ ಹೋಲಿಸಿದರೆ 7/8 ಇಂಚಿನದು ಸುಮಾರು 2.6 ಪಟ್ಟು, 1 ಇಂಚಿನದು 4.5 ಪಟ್ಟು, 1-1/8 ಇಂಚಿನದು 7.2 ಪಟ್ಟು ಗಡಸು. ಕಣ್ಣಿಗೆ ಎಂಟನೇ ಒಂದಿಂಚು ಅಷ್ಟೇ ವ್ಯತ್ಯಾಸ. ಗಡಸಿನಲ್ಲಿ 1 ಇಂಚಿಗಿಂತ 1-1/8 ಇಂಚಿನದು ಶೇ. 60 ಹೆಚ್ಚು. ಸ್ಪ್ರಿಂಗ್ ಫ್ಯಾಕ್ಟರಿಯದೇ ಇದ್ದರೆ 1 ಇಂಚಿಗೆ ನಿಲ್ಲಿಸಿ. 1-1/8 ಇಂಚಿನದು ಅಗಲ ಟೈರು, ಗಡಸು ಸ್ಪ್ರಿಂಗ್ ಇರುವ ಕಾರಿಗೆ ಸರಿ.

ಕೊಳವೆ ಬಾರ್‌ಗಳೂ ಸಿಗುತ್ತವೆ. ಸರಳಿನ ಒಳತಿರುಳು ತಿರುಚುವಿಕೆಯನ್ನು ತಡೆಯುವುದು ಕಡಿಮೆ, ಆದ್ದರಿಂದ ಅದನ್ನು ತೆಗೆದರೂ ಗಡಸು ಅಷ್ಟಾಗಿ ಇಳಿಯದು. ಹೊರವ್ಯಾಸ 1-1/8, ಒಳವ್ಯಾಸ 3/4 ಇಂಚು ಇರುವ ಕೊಳವೆ ಅದೇ ಹೊರವ್ಯಾಸದ ಘನ ಸರಳಿನ ಶೇ. 80ರಷ್ಟು ಗಡಸು ಕೊಡುತ್ತದೆ, ತೂಕ ಶೇ. 56 ಮಾತ್ರ. ಮೂತಿಯಲ್ಲೇ ಭಾರ ಹೊತ್ತ ವಿ8 ಕಾರಿಗೆ ಇದು ಬೆಲೆಯುಳ್ಳ ಉಳಿತಾಯ. ಆದರೆ ಹೊರವ್ಯಾಸ ಮಾತ್ರ ಹೇಳಿ ಗೋಡೆಯ ದಪ್ಪ ಹೇಳದ ಕೊಳವೆ ಬಾರನ್ನು ಕೊಳ್ಳಬೇಡಿ. ಅದರ ಗಡಸು ಎಷ್ಟೆಂದು ತಿಳಿಯುವ ದಾರಿಯೇ ಇಲ್ಲ. ತುದಿಯಲ್ಲಿ ಎರಡು ಮೂರು ತೂತುಗಳಿರುವ ಬಾರ್ ಆದರೆ ತೋಳಿನ (ಬಾರ್‌ನ ಬಗ್ಗಿದ ತುದಿಭಾಗದ) ಉದ್ದ ಬದಲಿಸಬಹುದು. ತೋಳು 10 ಇಂಚಿನಿಂದ 9ಕ್ಕೆ ಇಳಿದರೆ ಗಡಸು ಶೇ. 20ಕ್ಕಿಂತ ಹೆಚ್ಚು ಏರುತ್ತದೆ.

ಹಿಂದಿನ ಬಾರ್ ವಿಷಯದಲ್ಲಿ ಅವಸರ ಬೇಡ. ಅದು ಅಂಡರ್‌ಸ್ಟಿಯರ್ ಕಡಿಮೆ ಮಾಡುತ್ತದೆ, ಆದರೆ ಮೂತಿಗೆ ಹೆಚ್ಚು ಹಿಡಿತ ಕೊಟ್ಟಲ್ಲ, ಬಾಲದ ಹಿಡಿತ ಕಿತ್ತುಕೊಂಡು. ಮಸ್ಟ್ಯಾಂಗ್‌ನ ಹಿಂಭಾಗ ಹಗುರ, ಅಲ್ಲಿರುವುದು ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಮೇಲೆ ಕೂತ ಗಟ್ಟಿ ಆಕ್ಸಲ್. ಬಾರ್ ಗಡಸಾದರೆ ತಿರುವಿನಲ್ಲಿ ಒಳಬದಿಯ ಹಿಂಚಕ್ರದ ಭಾರ ಇಳಿಯುತ್ತದೆ. ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗಿಯರ್) ಸಾಮಾನ್ಯದ್ದಾಗಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಆ ಚಕ್ರ ಸುಮ್ಮನೆ ಸುತ್ತುತ್ತದೆ. ಒದ್ದೆ ರಸ್ತೆಯ ತಿರುವಿನ ನಡುವೆ ಕಾಲೆತ್ತಿದರೆ ಬಾಲ ಏಕಾಏಕಿ ಹೊರಗೆ ಹಾರಬಹುದು. ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದು, ಮುಂದಿನ ಬಾರ್ ಹಾಕಿ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಮಾಡಿಸಿದ ಮೇಲೂ ಮೂತಿ ನೇರಕ್ಕೆ ಎಳೆಯುತ್ತಿದ್ದರೆ ಮಾತ್ರ 5/8 ಅಥವಾ 3/4 ಇಂಚಿನದನ್ನು ಹಾಕಿ.

ಅಲೈನ್‌ಮೆಂಟ್ ಎಂದಾಗ: ಫ್ಯಾಕ್ಟರಿ ಕೈಪಿಡಿಯ ಅಂಕಿಗಳು ಆ ಕಾಲದ ಬಯಾಸ್ ಪ್ಲೈ ಟೈರಿಗೆ ಬರೆದವು. ಈಗಿನ ರೇಡಿಯಲ್ ಟೈರಿಗೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ಹೊರಕ್ಕೆ ಬಾಗುವ ಕೋನ, ಒಳಕ್ಕಾದರೆ ಮೈನಸ್) ಮೈನಸ್ ಅರ್ಧದಿಂದ ಮೈನಸ್ 1 ಡಿಗ್ರಿ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ) ಪ್ಲಸ್ 2ರಿಂದ 3 ಡಿಗ್ರಿ, ಒಟ್ಟು ಟೋ ಇನ್ (ಮುಂಚಕ್ರಗಳ ಮುಂಭಾಗ ಒಳಕ್ಕೆ ಸೇರುವುದು) 1/8 ಇಂಚು ಎಂದು ಕೇಳಿ. ಅಷ್ಟರಿಂದಲೇ ಎಷ್ಟೋ ಕಾರುಗಳ ಅರ್ಧ ದೂರು ಹೋಗುತ್ತದೆ.

ಜೋಡಣೆಗೆ ಇಳಿದಾಗ ಹೊಸ ಬಾರ್‌ನ ದಪ್ಪಕ್ಕೆ ಸರಿಹೊಂದುವ ಬುಷ್ ಮತ್ತು ಬ್ರಾಕೆಟ್ ಪೆಟ್ಟಿಗೆಯಲ್ಲಿವೆಯೇ ಎಂದು ಮೊದಲು ನೋಡಿ. 11/16ರ ಹಳೆಯ ಬುಷ್‌ಗೆ 1 ಇಂಚಿನ ಸರಳು ತುರುಕಲಾಗದು. ರಬ್ಬರ್ ಬುಷ್ ಸದ್ದಿಲ್ಲದ್ದು. ಪಾಲಿಯುರೆಥೇನ್ ಬುಷ್ ಬಾಗುವುದು ಕಡಿಮೆ, ಆದ್ದರಿಂದ ಬಾರ್ ಬೇಗ ಕೆಲಸಕ್ಕೆ ಬರುತ್ತದೆ. ಆದರೆ ಒಣಗಿದರೆ ಬಾಗಿಲಿನ ತುಕ್ಕು ಹಿಡಿದ ಕೀಲಿನಂತೆ ಕಿರುಗುಡುತ್ತದೆ. ಸೆಟ್ ಜೊತೆ ಬರುವ ಅಂಟು ಸಿಲಿಕೋನ್ ಗ್ರೀಸ್ ಅನ್ನೇ ಒಳಮೈಗೆ ಧಾರಾಳವಾಗಿ ಹಚ್ಚಿ.

ಕಾರಿನ ಮುಂಭಾಗದ ಎರಡೂ ಬದಿಯನ್ನು ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಹಿಂಚಕ್ರಗಳಿಗೆ ಅಡ್ಡ ಇಡಿ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಹಳೆಯ ಎಂಡ್ ಲಿಂಕ್ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಲಿಂಕ್ ತೆಗೆದು, ನಂತರ ಬ್ರಾಕೆಟ್ ಬಿಚ್ಚಿ ಬಾರ್ ಇಳಿಸಿ. ಹೊಸ ಬಾರ್ ಏರಿಸಿ ಬ್ರಾಕೆಟ್ ಬೋಲ್ಟ್‌ಗಳನ್ನು ಬೆರಳಿನಿಂದ ಮಾತ್ರ ತಿರುಗಿಸಿ, ಬಾರನ್ನು ಎಡಬಲ ಸಮಕ್ಕೆ ತನ್ನಿ, ಆಮೇಲೆ ಬಿಗಿಯಿರಿ. ಲಿಂಕ್ ಹಾಕುವ ಮೊದಲು ಬಾರ್‌ನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಒಂದು ಕೈಯಿಂದ ಅಲುಗದಿದ್ದರೆ ಬುಷ್ ಕಚ್ಚಿದೆ ಎಂದರ್ಥ. ಹಾಗೇ ಬಿಟ್ಟರೆ ಚಕ್ರ ಏರಿಳಿಯುವಾಗೆಲ್ಲ ಬಾರ್ ಅಡ್ಡಿಯಾಗುತ್ತದೆ.

ರಬ್ಬರ್ ಉಬ್ಬಿ ವಾಷರ್‌ನ ಅಂಚಿಗೆ ಬರುವಷ್ಟು ಲಿಂಕ್ ನಟ್ಟನ್ನು ಬಿಗಿದರೆ ಸಾಕು. ಇನ್ನೂ ಬಿಗಿದರೆ ರಬ್ಬರ್ ಸೀಳುತ್ತದೆ. ಒಂದೇ ಚಕ್ರ ಎತ್ತಿಟ್ಟು ಬಿಗಿಯಲೇಬಾರದು: ಬಾರ್ ತಿರುಚಿಕೊಂಡೇ ಕೂತು, ಎಡತಿರುವಿಗೊಂದು ಬಲತಿರುವಿಗೊಂದು ಗುಣ ಬರುತ್ತದೆ. ಕೊನೆಯ ಬಿಗಿತವನ್ನು ನಾಲ್ಕೂ ಚಕ್ರ ಭಾರ ಹೊತ್ತಾಗ, ರ‍್ಯಾಂಪ್ ಮೇಲೆ ನಿಲ್ಲಿಸಿ ಕೊಡಿ. ಆಗ ಲಿಂಕ್ ಮತ್ತು ಬಾರ್‌ನ ತೋಳಿನ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಇರಬೇಕು. ಕಾರನ್ನು ತಗ್ಗಿಸಿದ್ದರೆ ಗಿಡ್ಡ ಲಿಂಕ್ ಬೇಕಾಗುತ್ತದೆ. ಸ್ಟಿಯರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ಟೈರು, ಸ್ಟ್ರಟ್ ರಾಡ್, ಟೈ ರಾಡ್ ಯಾವುದೂ ಬಾರ್‌ಗೆ ತಾಗುತ್ತಿಲ್ಲವೆಂದು ನೋಡಿ.

ಹಿಂದಿನ ಬಾರ್ ಹಾಕುವಾಗ ಆಕ್ಸಲ್ ಕೊಳವೆಯ ಮೇಲಿನ ಬ್ರೇಕ್ ಪೈಪು ಯು ಬೋಲ್ಟ್ ಅಡಿ ಸಿಕ್ಕಿ ಚಪ್ಪಟೆಯಾಗದಂತೆ ಎಚ್ಚರ. ಆಕ್ಸಲ್ ಪೂರ್ತಿ ಕೆಳಕ್ಕೆ ಜೋತಾಗಲೂ ಪೂರ್ತಿ ಮೇಲೇರಿದಾಗಲೂ ಎಕ್ಸಾಸ್ಟ್‌ಗೆ ತಾಗಬಾರದು. ಕೆಲವು ಸೆಟ್‌ಗಳಿಗೆ ಚಾಸಿಯ ರೈಲ್‌ಗೆ ತೂತು ಕೊರೆಯಬೇಕು. ಅಲ್ಲಿ ತಗಡು ತುಕ್ಕು ತಿಂದಿದ್ದರೆ ಮೊದಲು ಅದನ್ನು ಕತ್ತರಿಸಿ ಬೆಸುಗೆ ಹಾಕಿಸಿ, ತೂತಿನೊಳಗೆ ಬೋಲ್ಟ್ ತೂರುವಂಥ ಉಕ್ಕಿನ ಗಿಡ್ಡ ಕೊಳವೆ ಕೂರಿಸಿ. ಇಲ್ಲದಿದ್ದರೆ ಬೋಲ್ಟ್ ಬಿಗಿದಂತೆ ಟೊಳ್ಳು ರೈಲ್ ಒಳಕ್ಕೆ ಕುಸಿಯುತ್ತದೆ.

ಪರೀಕ್ಷೆಗೆ ಖಾಲಿ ಬಯಲು ಬೇಕು, ರಸ್ತೆಯಲ್ಲ. ಸುಮಾರು 30 ಮೀಟರ್ ತ್ರಿಜ್ಯದ ವೃತ್ತ ಗುರುತಿಸಿ, ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು, ವೇಗ ನಿಧಾನವಾಗಿ ಏರಿಸಿ. ವೇಗ ಏರಿದಂತೆ ಸ್ಟಿಯರಿಂಗ್ ಇನ್ನಷ್ಟು ತಿರುಗಿಸಬೇಕಾದರೆ ಅಂಡರ್‌ಸ್ಟಿಯರ್. ಕಡಿಮೆ ಮಾಡಬೇಕಾದರೆ ಓವರ್‌ಸ್ಟಿಯರ್, ಅಂದರೆ ಬಾಲ ಹೊರಗೆ ಜಾರುವ ಗುಣ. ಸುಣ್ಣ ಟೈರಿನ ಪಕ್ಕದ ಗೋಡೆವರೆಗೂ ಅಳಿಸಿದ್ದರೆ ಮೊದಲು ಗಾಳಿಯ ಒತ್ತಡ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಒಂದೆರಡು ವಾರ ಓಡಿಸಿದ ಮೇಲೆ ಬ್ರಾಕೆಟ್ ಮತ್ತು ಲಿಂಕ್ ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಹೊಸ ಬುಷ್ ಕೂತಂತೆ ಅವು ಸಡಿಲವಾಗುತ್ತವೆ, ಗುಂಡಿಯ ಮೇಲೆ ಟಕ್ ಟಕ್ ಸದ್ದು ಶುರುವಾಗುವುದು ಅಲ್ಲಿಂದಲೇ.