ಬೇವು ಚಿಗುರಿದಾಗ ಇಳಿದ ಸಿಗ್ನಲ್: ತೋಟದ ಮನೆಯ ವೈರ್‌ಲೆಸ್ ಇಂಟರ್ನೆಟ್

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನಲ್ಲಿ, ಊರಿಂದ ಎರಡೂವರೆ ಕಿಲೋಮೀಟರ್ ಆಚೆ ನಮ್ಮ ತೋಟದ ಮನೆಯಿದೆ. ಸುತ್ತ ದ್ರಾಕ್ಷಿ, ಅದರಾಚೆ ಬಿಳಿಜೋಳದ ಎರೆಹೊಲ. ಊರೊಳಗೆ ಫೈಬರ್ ಬಂದು ವರ್ಷಗಳಾದವು. ನಾಲ್ಕು ತೋಟದ ಮನೆಗಳಿಗಾಗಿ ಅಷ್ಟು ದೂರ ತಂತಿ ಎಳೆಯಲು ಮಾತ್ರ ಯಾರೂ ಒಪ್ಪಲಿಲ್ಲ. ಮಾಳಿಗೆ ಹತ್ತಿದರೆ ಮೊಬೈಲ್‌ನಲ್ಲಿ ಎರಡು ಕಡ್ಡಿ ಸಿಗ್ನಲ್, ಪಡಸಾಲೆಗೆ ಇಳಿದರೆ ಒಂದೂ ಇಲ್ಲ. ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಆನ್‌ಲೈನ್ ಪಾಠ ಕೇಳಲು ಬಿಸಿಲಲ್ಲಿ ಕೊಡೆ ಹಿಡಿದು ಮಾಳಿಗೆಯ ಮೇಲೆ ಕೂರುತ್ತಿದ್ದಳು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಊರಿನಲ್ಲಿ ಒಂದು ಸ್ಥಳೀಯ ಸೇವೆ ಇದೆ. ಫೈಬರ್‌ನಲ್ಲಿ ಬಂದ ಇಂಟರ್ನೆಟ್ಟನ್ನು ಅರವತ್ತು ಅಡಿ ಎತ್ತರದ ಕಬ್ಬಿಣದ ಕಂಬದಿಂದ ರೇಡಿಯೊ ಮೂಲಕ ತೋಟದ ಮನೆಗಳಿಗೆ ಕಳಿಸುತ್ತಾರೆ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ 5.15ರಿಂದ 5.35 ಮತ್ತು 5.47ರಿಂದ 5.875 ಗಿಗಾಹರ್ಟ್ಸ್ ವರೆಗಿನ ತರಂಗಗಳನ್ನು ವೈಫೈ ಬಳಕೆಗೆ ಪರವಾನಗಿಯಿಂದ ಮುಕ್ತಗೊಳಿಸಿತು. ಕಂಬದ ಸಿಗ್ನಲ್ ಹಿಡಿಯಲು ನಮ್ಮ ಮಾಳಿಗೆಯ ಮೇಲೆ ಹಾಕಿದ ಡಿಶ್ ಕೆಲಸ ಮಾಡುವುದು ಇದೇ ತರಂಗಗಳಲ್ಲಿ. ಸೇವೆಯ ಹುಡುಗ ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಬಂದು, ಮಾಳಿಗೆಯ ಕೈಪಿಡಿ ಗೋಡೆಗೆ ಪೈಪ್ ಬಿಗಿದು, ಅದಕ್ಕೆ ಊಟದ ತಟ್ಟೆಯಷ್ಟು ಅಗಲದ ಡಿಶ್ ಕೂರಿಸಿದ. ‘ಕಾಕಾ, ಸಿಗ್ನಲ್ ಮೈನಸ್ ಐವತ್ತೆಂಟು ಇದೆ, ಬಹಳ ಚೆನ್ನಾಗಿದೆ. ರೂಟರ್ ನೀವೇ ತಂದು ಹಾಕಿಕೊಳ್ಳಿ’ ಎಂದು ಹೇಳಿ ಬೈಕ್ ಹತ್ತಿದ. ಮುಂದಿನದೆಲ್ಲ ನಾನು ಮಾಡುತ್ತ ಕಲಿತದ್ದು.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ಇಲ್ಲಿ ಎರಡು ಬೇರೆ ಬೇರೆ ರೇಡಿಯೊಗಳಿವೆ. ಮಾಳಿಗೆಯ ಡಿಶ್ ಊರಿನ ಕಂಬದೊಡನೆ ಮಾತ್ರ ಮಾತನಾಡುತ್ತದೆ. ಮನೆಯೊಳಗಿನ ರೂಟರ್ ನಮ್ಮ ಮೊಬೈಲ್, ಲ್ಯಾಪ್‌ಟಾಪ್‌ಗಳೊಡನೆ ಮಾತ್ರ ಮಾತನಾಡುತ್ತದೆ. ಎರಡರ ನಡುವೆ ಇರುವುದು ಒಂದು ಕೇಬಲ್. ಮೊಬೈಲ್‌ನಲ್ಲಿ ವೈಫೈ ಕಡ್ಡಿಗಳು ಪೂರ್ತಿ ತುಂಬಿದ್ದರೂ ಇಂಟರ್ನೆಟ್ ಬಾರದೆ ಇರುವುದು ಇದರಿಂದಲೇ. ಆ ಕಡ್ಡಿಗಳು ಹೇಳುವುದು ರೂಟರ್‌ನ ಮಾತನ್ನು, ಕಂಬದ ಮಾತನ್ನಲ್ಲ. ಪಕ್ಕದ ತೋಟದವರು ಈ ವ್ಯತ್ಯಾಸ ಗೊತ್ತಿಲ್ಲದೆ ಎರಡು ಸಲ ರೂಟರ್ ಬದಲಿಸಿದರು. ಕೊನೆಗೆ ತೊಂದರೆ ಕಂಡದ್ದು ಡಿಶ್‌ನಲ್ಲಿ.

ಡಿಶ್‌ಗೆ ಬೇರೆ ಕರೆಂಟ್ ವೈರ್ ಇಲ್ಲ. ಒಂದು ಸಣ್ಣ ಅಡಾಪ್ಟರ್, ನೆಟ್ ಕೇಬಲ್‌ನಲ್ಲಿಯೇ 24 ವೋಲ್ಟ್ ಮೇಲಕ್ಕೆ ಕಳಿಸುತ್ತದೆ. ಆ ಅಡಾಪ್ಟರ್‌ಗೆ ಒಂದೇ ತರಹ ಕಾಣುವ ಎರಡು ತೂತುಗಳಿವೆ. ಒಂದರ ಮೇಲೆ ಪಿಒಇ ಎಂದು, ಇನ್ನೊಂದರ ಮೇಲೆ ಲ್ಯಾನ್ ಎಂದು ಬರೆದಿರುತ್ತದೆ. ಪಿಒಇ ಅಂದರೆ ನೆಟ್ ಕೇಬಲ್‌ನಲ್ಲೇ ಹೋಗುವ ಕರೆಂಟ್, ಲ್ಯಾನ್ ಅಂದರೆ ಮನೆಯೊಳಗಿನ ಜಾಲ. ಪಿಒಇ ಎಂದಿರುವಲ್ಲಿಂದ ಮಾಳಿಗೆಗೆ, ಲ್ಯಾನ್ ಎಂದಿರುವಲ್ಲಿಂದ ರೂಟರ್‌ಗೆ. ಇದನ್ನು ಅದಲು ಬದಲು ಮಾಡಿದರೆ 24 ವೋಲ್ಟ್ ನೇರವಾಗಿ ರೂಟರ್‌ಗೆ ನುಗ್ಗಿ ಅದರ ಪೋರ್ಟನ್ನು ಸುಡಬಹುದು. ಮನೆಯಲ್ಲಿ ಕಸ ಗುಡಿಸುವಾಗ ವೈರ್ ಕಿತ್ತು ಬಂದರೆ ಯಾರೋ ಒಬ್ಬರು ಮತ್ತೆ ಸಿಕ್ಕಿಸುತ್ತಾರೆ. ಆದ್ದರಿಂದ ಮೇಲಕ್ಕೆ ಹೋಗುವ ಕೇಬಲ್‌ಗೂ ಅದರ ತೂತಿನ ಪಕ್ಕಕ್ಕೂ ಕೆಂಪು ಟೇಪ್ ಸುತ್ತಿದ್ದೇನೆ.

ರೂಟರ್ ಹಿಂಭಾಗದಲ್ಲಿ ಒಂದು ಪೋರ್ಟ್ ಮಾತ್ರ ಬೇರೆ ಬಣ್ಣದ್ದು. ನನ್ನದರಲ್ಲಿ ನೀಲಿ. ಅದೇ ವಾನ್, ಹೊರಗಿನ ಇಂಟರ್ನೆಟ್ ಒಳಗೆ ಬರುವ ಬಾಗಿಲು. ಕೇಬಲ್ ಅಲ್ಲಿಗೆ ಸಿಕ್ಕಿಸಿ, ರೂಟರ್‌ನ ತಳದಲ್ಲಿ ಬರೆದಿದ್ದ ಹೆಸರು ಮತ್ತು ಪಾಸ್‌ವರ್ಡ್‌ನಿಂದ ಮೊಬೈಲ್ ಜೋಡಿಸಿ, ಬ್ರೌಸರ್‌ನಲ್ಲಿ 192.168.1.1 ಎಂದು ಬರೆದೆ. ರೂಟರ್‌ನ ಸೆಟ್ಟಿಂಗ್ ಪುಟ ತೆರೆಯಿತು. ವೈಫೈಗೆ ಹೊಸ ಹೆಸರು, ಡಬ್ಲ್ಯುಪಿಎ2 ಭದ್ರತೆ, ಹೊಸ ಪಾಸ್‌ವರ್ಡ್, ರೂಟರ್ ಪುಟಕ್ಕೇ ಬೇರೊಂದು ಪಾಸ್‌ವರ್ಡ್, ಎಲ್ಲ ಮುಗಿಯಿತು. ಇಂಟರ್ನೆಟ್ ಮಾತ್ರ ಬರಲಿಲ್ಲ.

ಆ ದಿನ ಸಂಜೆಯ ಮೂರು ತಾಸು ಅದರಲ್ಲೇ ಹೋಯಿತು. ರೂಟರ್ ಪುಟದಲ್ಲಿ ಹೊರಗಿನ ವಿಳಾಸ 192.168.1.23 ಎಂದು ಕಾಣುತ್ತಿತ್ತು. ಅಂದರೆ ಡಿಶ್‌ನಿಂದ ಏನೋ ಬರುತ್ತಿದೆ. ನನ್ನ ಮೊಬೈಲ್‌ನ ವಿಳಾಸ ನೋಡಿದೆ, 192.168.1.100. ಆಗ ಹೊಳೆಯಿತು. ಡಿಶ್ ಕೂಡ ಒಳಗೆ ಒಂದು ರೂಟರ್‌ನಂತೆ ಕೆಲಸ ಮಾಡುತ್ತಿತ್ತು, ಅದರ ವಿಳಾಸವೂ 192.168.1.1. ಒಂದೇ ಓಣಿಯ ಎರಡು ಮನೆಗಳಿಗೆ ಒಂದೇ ನಂಬರು ಇದ್ದರೆ ಟಪಾಲು ಎಲ್ಲಿಗೆ ಹೋಗಬೇಕು? ರೂಟರ್‌ನ ಲ್ಯಾನ್ ವಿಳಾಸವನ್ನು 192.168.10.1 ಎಂದು ಬದಲಿಸಿ ಉಳಿಸಿದೆ. ಅದು ತನ್ನಷ್ಟಕ್ಕೆ ಆರಿ ಹೊತ್ತಿಕೊಂಡಿತು. ಮಗಳ ಮೊಬೈಲ್‌ನಲ್ಲಿ ಒಂದರ ಹಿಂದೆ ಒಂದು ಸಂದೇಶ ಬರುವ ಸದ್ದು ಪಡಸಾಲೆಯಲ್ಲಿ ಕೇಳಿಸಿತು. ಅವ್ವ ಅಡುಗೆಮನೆಯಿಂದ ಎದ್ದು ಬಂದು ನೋಡಿದಳು.

ಕೆಲವು ದಿನಗಳ ನಂತರ ಸೇವೆಯವರಿಗೆ ಫೋನ್ ಮಾಡಿ ಡಿಶ್ಶನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿಕೊಂಡೆ. ಹಾಗೆ ಮಾಡಿದರೆ ಡಿಶ್ ಬರೀ ಸೇತುವೆಯಾಗಿ ಉಳಿಯುತ್ತದೆ. ಲಾಗಿನ್ ಆಗುವ ಕೆಲಸ ನಮ್ಮ ರೂಟರ್‌ನದಾಗುತ್ತದೆ. ವಾನ್ ವಿಭಾಗದಲ್ಲಿ ಪಿಪಿಪಿಒಇ ಎಂಬ ಲಾಗಿನ್ ವಿಧಾನವನ್ನು ಆಯ್ದುಕೊಂಡು ಅವರು ಕೊಟ್ಟ ಹೆಸರು, ಪಾಸ್‌ವರ್ಡ್ ತುಂಬಬೇಕು. ಅವರು ಕಾಗದದಲ್ಲಿ ಬರೆದುಕೊಟ್ಟಿದ್ದ ಪಾಸ್‌ವರ್ಡ್‌ನಲ್ಲಿ ಸೊನ್ನೆ ಯಾವುದು, ಇಂಗ್ಲಿಷಿನ ಓ ಅಕ್ಷರ ಯಾವುದು ಎಂದು ತಿಳಿಯದೆ ಐದು ಬಾರಿ ತಪ್ಪಿತು. ಇಂಥದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಹೇಳಿ, ನೋಡಿ ಬರೆಯುವ ಬದಲು ಹಾಗೆಯೇ ಅಂಟಿಸುವುದು ಒಳ್ಳೆಯದು. ಪಿಪಿಪಿಒಇ ಹಾಕಿದ ಮೇಲೆ ಹಲವು ಪುಟಗಳು ತೆರೆದು ಬ್ಯಾಂಕಿನ ಪುಟವೊಂದೇ ಗಿರಗಿರ ತಿರುಗುತ್ತ ನಿಂತರೆ ಎಂಟಿಯು ಎಂಬ ಸಂಖ್ಯೆ ನೋಡಿ. ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗುವ ಒಂದು ಪೊಟ್ಟಣ ಎಷ್ಟು ಬೈಟ್‌ವರೆಗೆ ಇರಬಹುದು ಎಂದು ಅದು ಹೇಳುತ್ತದೆ. ಸಾಮಾನ್ಯವಾಗಿ 1500 ಇರುವುದು ಪಿಪಿಪಿಒಇಯಲ್ಲಿ 1492 ಆಗಬೇಕು, ಏಕೆಂದರೆ ಪ್ರತಿ ಪೊಟ್ಟಣದಲ್ಲಿ 8 ಬೈಟ್ ಜಾಗವನ್ನು ಅದು ತನಗಾಗಿ ತೆಗೆದುಕೊಳ್ಳುತ್ತದೆ. ಈ ಬದಲಾವಣೆಯಿಂದ ನನಗೆ ಸಿಕ್ಕ ದೊಡ್ಡ ಅನುಕೂಲ ಇದು: ಇಂಟರ್ನೆಟ್ ನಿಂತಾಗ ರೂಟರ್ ಪುಟ ತೆರೆದರೆ ಸಾಕು, ತಪ್ಪು ಮನೆಯೊಳಗಿದೆಯೋ ಹೊರಗಿದೆಯೋ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ರೂಟರ್ ಇಡುವ ಜಾಗ. ನಮ್ಮದು ಅಜ್ಜನ ಕಾಲದ ಕಲ್ಲಿನ ಮನೆ, ಗೋಡೆ ಎರಡು ಅಡಿಗೂ ದಪ್ಪ. ಮೊದಲು ಪ್ಲಗ್ ಹತ್ತಿರವಿದೆ ಎಂದು ಒಳಕೋಣೆಯ ಗೋಡೆಯ ಗೂಡಿನಲ್ಲಿಟ್ಟೆ. ಪಕ್ಕದಲ್ಲೇ ಕಬ್ಬಿಣದ ಟ್ರಂಕು. ಮೂರು ಕಡೆ ಕಲ್ಲು, ಒಂದು ಕಡೆ ಕಬ್ಬಿಣ. ಪಡಸಾಲೆಯಲ್ಲಿ ಕುಳಿತರೆ ವೈಫೈ ಮೈನಸ್ 78ಕ್ಕೆ ಇಳಿಯುತ್ತಿತ್ತು. ಈ ಅಂಕಿ ಡಿಬಿಎಂ ಎಂಬ ಅಳತೆಯದು. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು, ಪ್ರತಿ 3 ಅಂಕಿ ಇಳಿದಾಗ ಶಕ್ತಿ ಅರ್ಧವಾಗುತ್ತದೆ. ಮೈನಸ್ 60ರ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 75 ದಾಟಿದರೆ ಪಾಠ ನಿಂತು ನಿಂತು ಬರುತ್ತದೆ. ಅಂಕಿ ತೋರಿಸುವ ಉಚಿತ ಆ್ಯಪ್ ಹಾಕಿಕೊಂಡು ಮನೆಯೆಲ್ಲ ನಡೆದಾಡಿದೆ. ಒಳಕೋಣೆಗೂ ಪಡಸಾಲೆಗೂ ನಡುವಿನ ಬಾಗಿಲು ತೆರೆದಿದ್ದರೆ ಒಂದು ಅಂಕಿ, ಹಾಕಿದ್ದರೆ ಇನ್ನೊಂದು. ಕೊನೆಗೆ ಪಡಸಾಲೆಯ ಕಂಬದ ಬೋದಿಗೆಯ ಕೆಳಗೆ, ಆಳೆತ್ತರದಲ್ಲಿ ಸಣ್ಣ ಹಲಗೆ ಹೊಡೆದು ಅದರ ಮೇಲೆ ರೂಟರ್ ಇಟ್ಟೆ. ಅಲ್ಲಿಂದ ಮೂರು ಕೋಣೆಗಳ ಬಾಗಿಲುಗಳೂ ಕಾಣುತ್ತವೆ. ಗೋಡೆ ದಾಟಲಾರದ ತರಂಗ ಬಾಗಿಲಿನಿಂದ ಹೋಗುತ್ತದೆ. ಪಡಸಾಲೆಯಲ್ಲಿ ಮೈನಸ್ 45, ಅಡುಗೆಮನೆಯಲ್ಲಿ 61.

ರೂಟರ್ ಎರಡು ಬಗೆಯ ತರಂಗಗಳಲ್ಲಿ ವೈಫೈ ಕೊಡುತ್ತದೆ. ಕಲ್ಲಿನ ಮನೆಯಲ್ಲಿ 2.4 ಗಿಗಾಹರ್ಟ್ಸ್ ದೂರ ಮುಟ್ಟುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಗೋಡೆಯ ಎದುರು ಸೋಲುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಮಗಳ ಲ್ಯಾಪ್‌ಟಾಪನ್ನು 5ಕ್ಕೆ, ಉಳಿದವುಗಳನ್ನು 2.4ಕ್ಕೆ ಜೋಡಿಸಿದ್ದೇನೆ. ಒಂದು ಎಚ್ಚರಿಕೆ ಬೇಕು. ಮಾಳಿಗೆಯ ಡಿಶ್ ಕೂಡ 5 ಗಿಗಾಹರ್ಟ್ಸ್‌ನದೇ. ರೂಟರ್‌ನ ಚಾನೆಲ್ಲನ್ನು ತಾನಾಗಿ ಆರಿಸಿಕೊಳ್ಳಲು ಬಿಟ್ಟಾಗ ಅದು ಡಿಶ್‌ನ ಹತ್ತಿರದ ಚಾನೆಲ್ಲಿಗೆ ಹೋಗಿ ಕೂತಿತ್ತು. ಹಾಗಾದರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗುತ್ತದೆ. ನಮ್ಮ ಡಿಶ್ 5.8ರ ಬಳಿ ಇರುವುದರಿಂದ ರೂಟರನ್ನು 36ನೇ ಚಾನೆಲ್ಲಿಗೆ ಕಟ್ಟಿಹಾಕಿದೆ. ಅದು 5.18 ಗಿಗಾಹರ್ಟ್ಸ್. ಎರಡೂ ದೂರ ದೂರ ಉಳಿದವು.

ಯುಗಾದಿಯವರೆಗೆ ಎಲ್ಲವೂ ಸರಿಯಿತ್ತು.

ಹಬ್ಬದ ದಿನ ಬೇವು ಬೆಲ್ಲಕ್ಕೆಂದು ಹೂವು ತರಲು ಹೋದಾಗಲೂ ನನಗೆ ತಿಳಿಯಲಿಲ್ಲ. ಅದಾಗಿ ಹದಿನೈದು ದಿನಗಳಲ್ಲಿ ಇಂಟರ್ನೆಟ್ ಕುಂಟತೊಡಗಿತು. ಗಾಳಿ ಬೀಸಿದರೆ ಹೆಚ್ಚು, ಬೆಳಗಿನ ನಿಶ್ಚಲ ಹೊತ್ತಿನಲ್ಲಿ ಕಡಿಮೆ. ಲ್ಯಾಪ್‌ಟಾಪನ್ನು ನೇರವಾಗಿ ಅಡಾಪ್ಟರ್‌ನ ಲ್ಯಾನ್ ತೂತಿಗೆ ಜೋಡಿಸಿ, ಅದಕ್ಕೆ 192.168.1.50 ಎಂಬ ವಿಳಾಸವನ್ನು ಕೈಯಿಂದಲೇ ಕೊಟ್ಟು, ಸೇವೆಯವರಿಂದ ಕೇಳಿ ಪಡೆದ ಪಾಸ್‌ವರ್ಡ್‌ನಿಂದ ಡಿಶ್‌ನ ಪುಟ ತೆರೆದೆ. ಮೈನಸ್ 58 ಇದ್ದದ್ದು ಮೈನಸ್ 73 ಆಗಿತ್ತು. ಮಾಳಿಗೆ ಹತ್ತಿ ಡಿಶ್‌ನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಊರಿನ ಕಡೆ ನೋಡಿದೆ. ಕಂಬ ಕಾಣಲಿಲ್ಲ. ಬಾವಿಯ ಬಳಿಯ ಬೇವಿನ ಮರ ಕಂಡಿತು. ಶಿವರಾತ್ರಿಯ ಹೊತ್ತಿಗೆ ಎಲೆ ಉದುರಿಸಿ ಬರಿ ಟೊಂಗೆಯಾಗಿದ್ದ ಮರ ಈಗ ತುಂಬಿ ನಿಂತಿತ್ತು. ನೀರಿನಂಶ ತುಂಬಿದ ಹಸಿ ಎಲೆ ಈ ತರಂಗಗಳನ್ನು ಹೀರುತ್ತದೆ, ಗಾಳಿಗೆ ಅಲುಗಿದಾಗ ಸಿಗ್ನಲ್ಲೂ ಅಲುಗುತ್ತದೆ.

ಟೊಂಗೆ ಕಡಿಯುವ ಮಾತನ್ನು ಅವ್ವ ಎತ್ತಗೊಡಲಿಲ್ಲ, ನನಗೂ ಮನಸ್ಸಿರಲಿಲ್ಲ. ಹತ್ತು ಅಡಿ ಎತ್ತರ ಹೆಚ್ಚಿಸುವುದೆಂದು ನಿರ್ಧರಿಸಿದೆ. ಕಂಬ ಕಣ್ಣಿಗೆ ಕಂಡರೆ ಸಾಕಾಗುವುದಿಲ್ಲ. ತರಂಗ ದಾರದಂತೆ ಸಾಗುವುದಿಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಎರಡೂವರೆ ಕಿಲೋಮೀಟರ್ ದೂರಕ್ಕೆ 5.8 ಗಿಗಾಹರ್ಟ್ಸ್‌ನಲ್ಲಿ ಆ ಉಬ್ಬಿನ ತ್ರಿಜ್ಯ ನಟ್ಟನಡುವೆ ಸುಮಾರು 5.7 ಮೀಟರ್. ನಮ್ಮ ಮರ ಡಿಶ್‌ನಿಂದ 40 ಮೀಟರ್ ದೂರವಿದೆ, ಅಲ್ಲಿ ಸುಮಾರು ಒಂದೂವರೆ ಮೀಟರ್. ಮರದ ತುದಿಯಿಂದ ಅಷ್ಟು ಮೇಲೆ ಹೋಗಲೇಬೇಕು, ಮರ ಬೆಳೆಯುವುದನ್ನೂ ಲೆಕ್ಕ ಹಿಡಿಯಬೇಕು. ದಪ್ಪ ಜಿಐ ಪೈಪ್ ತಂದು, ಎರಡು ಕಡೆ ಕ್ಲ್ಯಾಂಪ್, ಮೂರು ದಿಕ್ಕಿಗೆ ತಂತಿ ಎಳೆದು ಬಿಗಿದೆ. ಪೈಪ್ ಅಲುಗಿದರೆ ಮಾಡಿದ್ದೆಲ್ಲ ವ್ಯರ್ಥ.

ಡಿಶ್ ತಿರುಗಿಸುವುದು ಇಬ್ಬರ ಕೆಲಸ. ನಾನು ಏಣಿಯ ಮೇಲೆ ಪಾನಾ ಹಿಡಿದು, ಮಗಳು ಕೆಳಗೆ ಬೆಳಕಿಂಡಿಯ ನೇರಕ್ಕೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಬೆರಳಿನಷ್ಟು ತಿರುಗಿಸಿ ಕೈ ಬಿಡಬೇಕು, ಐದು ಎಣಿಸಬೇಕು, ಆಮೇಲೆ ಕೇಳಬೇಕು. ಪುಟದ ಅಂಕಿ ಬದಲಾಗಲು ಸ್ವಲ್ಪ ಹೊತ್ತು ಬೇಕು. ‘ಎಪ್ಪತ್ತೊಂದು... ಅರವತ್ತೊಂಬತ್ತು... ಎಪ್ಪತ್ತು, ಅಪ್ಪಾ, ಹಿಂದಕ್ಕೆ.’ ಅರವತ್ತೊಂಬತ್ತೇ ಶಿಖರ ಎಂದು ನಂಬಿ ಬಿಗಿಯಲು ಹೊರಟಿದ್ದೆ. ಮಗಳು ಇನ್ನೂ ಒಂದಿಷ್ಟು ತಿರುಗಿಸಿ ನೋಡಲು ಹೇಳಿದಳು. ಅಂಕಿ ಎಪ್ಪತ್ತೈದಕ್ಕೆ ಬಿದ್ದು, ಅದರಾಚೆ ಏರತೊಡಗಿ ಐವತ್ತೇಳಕ್ಕೆ ಬಂತು. ಡಿಶ್‌ನ ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಕಿರಣಗಳೂ ಇರುತ್ತವೆ. ಅವುಗಳಲ್ಲೊಂದರ ಮೇಲೆ ನಿಂತು ಅದನ್ನೇ ಗುರಿ ಎಂದುಕೊಂಡಿದ್ದೆ. ಆದ್ದರಿಂದ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡದೆ ನಟ್ ಬಿಗಿಯಬೇಡಿ. ಬಿಗಿಯುವಾಗಲೂ ಎರಡೂ ನಟ್‌ಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ತಿರುವಬೇಕು. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಜರುಗುತ್ತದೆ. ಎಲ್ಲ ಮುಗಿದಾಗ ಮೈನಸ್ 59 ಉಳಿಯಿತು. ಪೈಪಿನ ಮೇಲೆ ಡಿಶ್‌ನ ದಿಕ್ಕಿಗೆ ಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ಮಂಗ ಜಗ್ಗಿದರೂ ಗೆರೆ ನೋಡಿ ಕೂರಿಸಬಹುದು.

ಕೇಬಲ್ ವಿಷಯದಲ್ಲಿ ಮೊದಲೇ ಹಣ ಖರ್ಚು ಮಾಡಬೇಕಿತ್ತು. ಆರಂಭದಲ್ಲಿ ಹಾಕಿದ್ದು ಮನೆಯೊಳಗೆ ಬಳಸುವ ಬೂದು ಬಣ್ಣದ್ದು. ನಮ್ಮ ಕಡೆಯ ಎರಡು ಬೇಸಿಗೆಗೆ ಅದರ ಸಿಪ್ಪೆ ಬಿರಿಯಿತು, ಮಳೆಗೆ ನೀರು ಇಳಿದು ಸಂಪರ್ಕದ ವೇಗ 100ರಿಂದ 10 ಎಂಬಿಪಿಎಸ್‌ಗೆ ಬಂತು. ಈಗಿನದು ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಸಿಪ್ಪೆಯ, ಪೂರ್ತಿ ತಾಮ್ರದ ಕೇಬಲ್. ತುದಿಯ ಕನೆಕ್ಟರ್ ನಾನೇ ಹಾಕಿದೆ: ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಎರಡೂ ತುದಿಗೆ ಇದೇ ಕ್ರಮ. ಕೇಬಲ್ ಗೋಡೆಯೊಳಗೆ ನುಗ್ಗುವ ಮುಂಚೆ ಅದನ್ನು ತೂತಿಗಿಂತ ಕೆಳಗೆ ಒಂದು ಗೇಣು ಇಳಿಬಿಟ್ಟು ಮತ್ತೆ ಮೇಲೆತ್ತಿ ಒಳಗೆ ತನ್ನಿ. ಮಳೆನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಬರುವುದಿಲ್ಲ.

ಕರೆಂಟ್ ಹೋಗಿ ಬರುವುದು ತೋಟದ ಬದುಕಿನಲ್ಲಿ ಇದ್ದದ್ದೇ. ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟಿದ್ದೇನೆ. ಕೊಳ್ಳುವಾಗ ಡಿಶ್‌ನ 24 ವೋಲ್ಟ್ ಅಡಾಪ್ಟರ್‌ಗೂ ಹೊರದಾರಿ ಇರುವುದನ್ನೇ ಕೇಳಿ ತನ್ನಿ. ರೂಟರ್ ಉರಿಯುತ್ತಿದ್ದು ಡಿಶ್ ಆರಿದ್ದರೆ ಪ್ರಯೋಜನವಿಲ್ಲ. ಪೈಪಿಗೆ ಅರ್ಥಿಂಗ್ ಮಾಡಿಸಿದ್ದೇನೆ. ಆದರೂ ರೋಹಿಣಿ ಮಳೆಯ ಗುಡುಗು ದೂರದಲ್ಲಿ ಕೇಳಿಸಿದ ಕೂಡಲೇ ಅಡಾಪ್ಟರನ್ನು ಪ್ಲಗ್‌ನಿಂದಲೂ, ಮಾಳಿಗೆಯ ಕೇಬಲ್ಲನ್ನು ಅಡಾಪ್ಟರ್‌ನಿಂದಲೂ ತೆಗೆದಿಡುತ್ತೇವೆ. ಈಗ ಆ ಕೆಲಸ ಅವ್ವನದು. ಕೆಂಪು ಟೇಪ್ ಇರುವುದನ್ನು ಮೊದಲು ಕೀಳುತ್ತಾಳೆ, ಮಳೆ ನಿಂತ ಮೇಲೆ ಕೆಂಪಿಗೆ ಕೆಂಪು ಹೊಂದಿಸಿ ಸಿಕ್ಕಿಸುತ್ತಾಳೆ.