ತಂಬೂರಿ ಆ್ಯಪ್‌ನಿಂದ ರೀಪರ್‌ಗೆ: ಕಂಪ್ಯೂಟರಿನೊಳಗೇ ಧ್ವನಿ ಸಾಗಿಸುವ ಬಗೆ

ಬ್ರೌಸರಿನಲ್ಲಿ ನುಡಿಯುವ ತಂಬೂರಿಯನ್ನು ರೀಪರ್ ತಂತ್ರಾಂಶದಲ್ಲಿ ದಾಖಲಿಸಲು ಸ್ಪೀಕರಿನೆದುರು ಮೈಕ್ ಹಿಡಿದರೆ ಶ್ರುತಿಯ ಜೊತೆಗೆ ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ. ಧ್ವನಿಯನ್ನು ಕಂಪ್ಯೂಟರಿನೊಳಗೇ ಸಾಗಿಸಿದರೆ ಈ ತೊಂದರೆಯಿಲ್ಲ. ಅದಕ್ಕೂ ಮೊದಲು ಬಳಸಲಿರುವ ಎಲ್ಲ ಸಾಧನಗಳ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯ ಎಷ್ಟು ಮಾದರಿಗಳು ಎಂಬ ಲೆಕ್ಕ) ಅನ್ನು 48,000 ಹರ್ಟ್ಸ್‌ಗೆ ಹೊಂದಿಸಿಕೊಳ್ಳಬೇಕು. ಒಂದು ಕಡೆ 44,100 ಉಳಿದುಬಿಟ್ಟರೆ ಧ್ವನಿಯಲ್ಲಿ ಚಟಪಟ ಸದ್ದು ಕಾಣಿಸಿಕೊಳ್ಳಬಹುದು.

ವಿಂಡೋಸ್‌ನಲ್ಲಿ ವಿಬಿ-ಕೇಬಲ್ ಎಂಬ ಡ್ರೈವರ್ (ಒಂದು ತಂತ್ರಾಂಶದ ಧ್ವನಿಯನ್ನು ಇನ್ನೊಂದಕ್ಕೆ ಒಯ್ಯುವ ಕಾಲ್ಪನಿಕ ಕೇಬಲ್) ಅಳವಡಿಸಿ, ಕಂಪ್ಯೂಟರನ್ನು ಮರುಚಾಲನೆ ಮಾಡಿ. ಸೌಂಡ್ ಸೆಟ್ಟಿಂಗ್ಸ್‌ನ ವಾಲ್ಯೂಮ್ ಮಿಕ್ಸರ್‌ನಲ್ಲಿ ಬ್ರೌಸರಿನ ಔಟ್‌ಪುಟ್ ಆಗಿ 'ಕೇಬಲ್ ಇನ್‌ಪುಟ್' ಅನ್ನೂ, ರೀಪರ್‌ನಲ್ಲಿ ಇನ್‌ಪುಟ್ ಆಗಿ 'ಕೇಬಲ್ ಔಟ್‌ಪುಟ್' ಅನ್ನೂ ಆರಿಸಬೇಕು. ಹೊಸಬರು ತಡವರಿಸುವುದು ಇಲ್ಲಿಯೇ: ಧ್ವನಿ ಕೇಬಲ್‌ನ ಒಳಹೋಗುವ ತುದಿ ಇನ್‌ಪುಟ್, ಹೊರಬರುವ ತುದಿ ಔಟ್‌ಪುಟ್. ರೀಪರ್ ಧ್ವನಿ ಸಾಧನಗಳೊಡನೆ ಮಾತಾಡುವ ವಿಧಾನಗಳಲ್ಲಿ ಒಂದಾದ ಏಸಿಯೊದಲ್ಲಿದ್ದರೆ ಒಂದೇ ಡ್ರೈವರನ್ನು ಆರಿಸಲು ಸಾಧ್ಯವಾದ್ದರಿಂದ, ವಿಂಡೋಸ್‌ನದೇ ಆದ ವಾಸಪಿ ವಿಧಾನಕ್ಕೆ ಬದಲಿಸಿ ಔಟ್‌ಪುಟ್ ಅನ್ನು ಹೆಡ್‌ಫೋನಿಗೆ ಕೊಡಿ. ಟ್ರ್ಯಾಕ್‌ನ ಮಾನಿಟರಿಂಗ್ (ಒಳಬರುವ ಧ್ವನಿಯನ್ನು ಆಗಲೇ ಕೇಳಿಸುವ ಸೌಲಭ್ಯ) ಚಾಲೂ ಮಾಡಿದರಷ್ಟೇ ಶ್ರುತಿ ನಿಮಗೂ ಕೇಳಿಸುತ್ತದೆ. ಬಫರ್ (ಧ್ವನಿಯನ್ನು ಒಮ್ಮೆಗೆ ಕೂಡಿಟ್ಟು ಸಾಗಿಸುವ ತುಣುಕು) 256 ಸ್ಯಾಂಪಲ್ ಇದ್ದರೆ ಅದರಿಂದಾಗುವ ವಿಳಂಬ ಸುಮಾರು 5.3 ಮಿಲಿಸೆಕೆಂಡ್. ಧ್ವನಿ ತುಂಡಾಗುತ್ತಿದ್ದರೆ 512ಕ್ಕೆ ಏರಿಸಿ.

ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಬ್ಲ್ಯಾಕ್‌ಹೋಲ್ ಎಂಬ ಉಚಿತ ಡ್ರೈವರ್ ಇದ್ದು, ತಂಬೂರಿಗೆ ಅದರ 2 ಚಾನೆಲ್‌ಗಳ ಆವೃತ್ತಿ ಸಾಕು. ಆಡಿಯೊ ಮಿಡಿ ಸೆಟಪ್ ತೆರೆದು, ಕೆಳಗಿನ ಕೂಡಿಸು ಚಿಹ್ನೆಯನ್ನೊತ್ತಿ ಮಲ್ಟಿ-ಔಟ್‌ಪುಟ್ ಸಾಧನವೊಂದನ್ನು ರಚಿಸಿ, ಹೆಡ್‌ಫೋನ್ ಮತ್ತು ಬ್ಲ್ಯಾಕ್‌ಹೋಲ್ ಎರಡಕ್ಕೂ ಗುರುತು ಹಾಕಿ, ಬ್ಲ್ಯಾಕ್‌ಹೋಲ್‌ಗೆ ಡ್ರಿಫ್ಟ್ ಕರೆಕ್ಷನ್ (ಎರಡು ಸಾಧನಗಳ ಕಾಲಗತಿ ಹೊಂದಿಸುವ ಆಯ್ಕೆ) ಕೊಡಿ. ಈ ಸಾಧನವನ್ನು ಮ್ಯಾಕ್‌ನ ಔಟ್‌ಪುಟ್ ಆಗಿ ಆರಿಸಿದ ಬಳಿಕ ಕೀಲಿಮಣೆಯ ವಾಲ್ಯೂಮ್ ಗುಂಡಿಗಳು ಕೆಲಸ ಮಾಡುವುದಿಲ್ಲವಾದ್ದರಿಂದ ಮಟ್ಟವನ್ನು ಮೊದಲೇ ತಗ್ಗಿಸಿಡುವುದು ಕಿವಿಗೆ ಕ್ಷೇಮ. ರೀಪರ್‌ನ ಇನ್‌ಪುಟ್ ಬ್ಲ್ಯಾಕ್‌ಹೋಲ್, ಔಟ್‌ಪುಟ್ ಹೆಡ್‌ಫೋನ್ ಆಗಿರಲಿ. ಶ್ರುತಿ ಆಗಲೇ ಹೆಡ್‌ಫೋನಿಗೆ ಬರುತ್ತಿರುವುದರಿಂದ ಇಲ್ಲಿ ಮಾನಿಟರಿಂಗ್ ಬೇಡ. ರೀಪರ್‌ನ ಔಟ್‌ಪುಟ್ ಕೂಡ ಬ್ಲ್ಯಾಕ್‌ಹೋಲ್‌ಗೆ ಹೋಗಿ ಮಾನಿಟರಿಂಗ್ ಚಾಲೂ ಆಗಿದ್ದರಂತೂ ಧ್ವನಿ ತನ್ನನ್ನೇ ಸುತ್ತಿ ಕಿರುಚುತ್ತದೆ. ಎಲ್ಲ ಸರಿಯಿದ್ದೂ ಮೀಟರ್ ಅಲುಗಾಡದಿದ್ದರೆ, ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ರೀಪರ್‌ಗೆ ಮೈಕ್ರೊಫೋನ್ ಅನುಮತಿ ಇದೆಯೇ ನೋಡಿ. ಮೈಕ್ ಬಳಸದಿದ್ದರೂ ಆ ಅನುಮತಿ ಬೇಕು.

ಲಿನಕ್ಸ್‌ನ ದಾರಿಯೇ ನೇರವಾದದ್ದು. 2021ರಲ್ಲಿ ಫೆಡೋರಾ 34 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಪೂರ್ವನಿಯೋಜಿತ ಧ್ವನಿ ವ್ಯವಸ್ಥೆಯಾದ ಪೈಪ್‌ವೈರ್ ನಿಮ್ಮಲ್ಲಿದ್ದರೆ ಬೇರೆ ಕೇಬಲ್ ತಂತ್ರಾಂಶ ಬೇಕಿಲ್ಲ. ರೀಪರ್‌ನಲ್ಲಿ ಧ್ವನಿ ವಿಧಾನವಾಗಿ ಜ್ಯಾಕ್ ಆರಿಸಿ, ಜೋಡಣೆಗಳನ್ನು ಚಿತ್ರವಾಗಿ ತೋರಿಸುವ ಕ್ಯೂಪಿಡಬ್ಲ್ಯುಗ್ರಾಫ್ ತಂತ್ರಾಂಶ ತೆರೆದು, ಬ್ರೌಸರಿನ ಎರಡು ಪೋರ್ಟ್‌ಗಳಿಂದ ರೀಪರ್‌ನ ಎರಡು ಇನ್‌ಪುಟ್‌ಗಳಿಗೆ ಮೌಸ್‌ನಿಂದ ಗೆರೆ ಎಳೆದರಾಯಿತು. ತಂಬೂರಿ ನಿಂತಾಗ ಬ್ರೌಸರಿನ ಪೋರ್ಟ್‌ಗಳು ಮಾಯವಾಗಿ ಗೆರೆಗಳೂ ಅಳಿಸಿಹೋಗಬಹುದಾದ್ದರಿಂದ, ಜೋಡಣೆಯನ್ನು ಕ್ಯೂಪಿಡಬ್ಲ್ಯುಗ್ರಾಫ್‌ನಲ್ಲೇ ಪ್ಯಾಚ್‌ಬೇ (ಗೆರೆಗಳ ನೆನಪಿನ ಕಡತ) ಆಗಿ ಉಳಿಸಿ, ಅದನ್ನು ಸಕ್ರಿಯವಾಗಿಡಿ.