ಹಳೇ ಸಿಂಥ್ ಸದ್ದು, ನಾಲ್ಕು ಜೋಡಿ ಕಿವಿ

ಮನೆಯಲ್ಲೇ ಸಂಗೀತದ ಟ್ರ್ಯಾಕ್ ಮಾಡುವವರ ವಾಟ್ಸಾಪ್ ತೆರೆದು ನೋಡಿದರೆ ಒಂದೇ ತರಹದ ಉತ್ತರಗಳು ಸಿಗುತ್ತವೆ. ‘ಸೂಪರ್ ಗುರು’, ‘ಬೆಂಕಿ ಮಗಾ’, ಇಲ್ಲವೇ ಬರೀ ಒಂದು ಹೆಬ್ಬೆರಳು. ಕಳಿಸಿದ್ದು ನಾಲ್ಕು ನಿಮಿಷದ ಟ್ರ್ಯಾಕ್, ಹೆಬ್ಬೆರಳು ಬಂದದ್ದು ಒಂದೇ ನಿಮಿಷಕ್ಕೆ. ಇದರಲ್ಲಿ ಗೆಳೆಯರ ತಪ್ಪೇನೂ ಇಲ್ಲ. ‘ಹೇಗಿದೆ?’ ಅಂತ ಕೇಳಿದರೆ ಮರ್ಯಾದಸ್ಥರು ಇನ್ನೇನು ಹೇಳಿಯಾರು? ಎಂಬತ್ತರ ದಶಕದ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್) ಸದ್ದಿನಲ್ಲಿ ಒಂದು ಟ್ರ್ಯಾಕ್ ಮಾಡಬೇಕು ಅಂತ ಕೂತಾಗ, ಯಾರಿಗೆ ಕೇಳಿಸಬೇಕು, ಯಾರನ್ನು ಏನು ಕೇಳಬೇಕು ಅನ್ನುವುದಕ್ಕೂ ನಾನು ಟ್ರ್ಯಾಕಿಗೆ ಕೊಟ್ಟಷ್ಟೇ ತಲೆ ಕೊಟ್ಟೆ.

ನನ್ನ ಹತ್ತಿರ ಹಳೇ ಯಂತ್ರ ಒಂದೂ ಇಲ್ಲ. ಮೈಸೂರಿನ ಮನೆಯ ಮಹಡಿ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್, ಅದಕ್ಕೆ ಸ್ವರ ಕಳಿಸುವ ಎರಡು ಸ್ಥಾಯಿಯ ಪುಟ್ಟ ಮಿಡಿ ಕೀಬೋರ್ಡ್, ಒಂದು ಹೆಡ್‌ಫೋನ್. ಇವತ್ತು ಇಷ್ಟು ಸಾಕು. 1983ರಲ್ಲಿ ಯಮಾಹಾ ಕಂಪನಿ ತಂದ ಡಿಎಕ್ಸ್7 ಕೀಬೋರ್ಡನ್ನು ಹಾಗೇ ಅನುಕರಿಸುವ ಡೆಕ್ಸ್‌ಡ್ ಅನ್ನುವ ಪ್ಲಗಿನ್ (ಸಂಗೀತದ ತಂತ್ರಾಂಶದೊಳಗೆ ಕೂರುವ ಪುಟ್ಟ ತಂತ್ರಾಂಶ) ಪುಕ್ಕಟೆ ಸಿಗುತ್ತದೆ. ಹಿನ್ನೆಲೆಯಲ್ಲಿ ಉದ್ದಕ್ಕೆ ಹರಿಯುವ ‘ಪ್ಯಾಡ್’ ಸದ್ದಿಗೆ ಸರ್ಜ್ ಎಕ್ಸ್‌ಟಿ, ಅದೂ ಪುಕ್ಕಟೆ. ಅದರ ಮೇಲೆ ರೋಲ್ಯಾಂಡ್ ಜೂನೋ ಕೀಬೋರ್ಡಿನ ಕೋರಸ್ಸನ್ನು, ಅಂದರೆ ಒಂದೇ ಸದ್ದನ್ನು ಹಲವಾಗಿ ಹರಡುವ ಪರಿಣಾಮವನ್ನು, ಅನುಕರಿಸುವ ಇನ್ನೊಂದು ಪುಟ್ಟ ಪ್ಲಗಿನ್.

ಡೆಕ್ಸ್‌ಡ್ ತೆರೆದ ಯಾರಾದರೂ ಮೊದಲು ಹೆದರುತ್ತಾರೆ. ಆರು ಆಪರೇಟರ್ (ಒಂದೊಂದು ಅಲೆ ಹುಟ್ಟಿಸುವ ಘಟಕ), ಅವುಗಳನ್ನು ಜೋಡಿಸಲು 32 ದಾರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಕೊಂಡ ಎಫ್‌ಎಂ ವಿಧಾನ ಇದು: ಒಂದು ಅಲೆ ಇನ್ನೊಂದು ಅಲೆಯನ್ನು ಬಹಳ ವೇಗವಾಗಿ ಅಲುಗಿಸುತ್ತದೆ, ಆ ಅಲುಗಾಟದಿಂದಲೇ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಎಲ್ಲ ಅರ್ಥವಾಗುವವರೆಗೆ ಕಾಯಬೇಕಿಲ್ಲ. ಎರಡೇ ಆಪರೇಟರ್ ತೆಗೆದುಕೊಳ್ಳಿ. ಕೆಳಗಿನದರ ಕಂಪನದ ಅನುಪಾತವನ್ನು 1ಕ್ಕೆ ಇಡಿ, ಅದನ್ನು ಅಲುಗಿಸುವುದನ್ನು 14ಕ್ಕೆ ಇಡಿ, ಅಲುಗಿಸುವುದು ಬೇಗ ತಣ್ಣಗಾಗುವಂತೆ ಎನ್ವಲಪ್ (ಸದ್ದು ಏರಿ ಇಳಿಯುವ ರೀತಿ) ಹೊಂದಿಸಿ. ಆ ಕಾಲದ ಎಲೆಕ್ಟ್ರಿಕ್ ಪಿಯಾನೋದ ‘ಟಿಣ್’ ಅನ್ನುವ ತಲೆ ಅಲ್ಲೇ ಸಿಗುತ್ತದೆ. ಬೆರಳಿನ ಒತ್ತಡವನ್ನು ಅಲುಗಿಸುವ ಆಪರೇಟರಿಗೆ ಕಟ್ಟಿದರೆ ಮೆಲ್ಲಗೆ ಒತ್ತಿದಾಗ ಮೃದು, ಜೋರಾಗಿ ಒತ್ತಿದಾಗ ಲೋಹದ ಹೊಳಪು. ನನ್ನ ಟ್ರ್ಯಾಕಿನ ಮುಖ್ಯ ಸದ್ದು ಇದೇ.

ರಾಗದ ಛಾಯೆ ಬೇಕು ಅನ್ನುವುದು ಮೊದಲಿನಿಂದ ಇತ್ತು. ಹೊಸ ಯೋಚನೆಯೇನಲ್ಲ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಬೇಸ್ ಯಂತ್ರ ಟಿಬಿ-303, ಡ್ರಮ್ ಯಂತ್ರ ಟಿಆರ್-808, ಸಿಂಥ್ ಜುಪಿಟರ್-8 ಇಟ್ಟುಕೊಂಡು ಡಿಸ್ಕೋ ತಾಳದ ಮೇಲೆ ರಾಗಗಳನ್ನು ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆ ಆದಾಗ ಹೊರದೇಶದವರು ಬಾಯಿ ಮೇಲೆ ಬೆರಳಿಟ್ಟರು. ನಾನು ಹಿಂದೋಳ ಆರಿಸಿಕೊಂಡೆ. ಐದೇ ಸ್ವರ, ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುವ ಆರ್ಪೆಜಿಯೇಟರಿಗೆ ಹೇಳಿ ಮಾಡಿಸಿದ ಹಾಗಿದೆ. ಷಡ್ಜ ‘ಎ’ ಸ್ವರಕ್ಕೆ, ಲಯ ನಿಮಿಷಕ್ಕೆ 104 ಪೆಟ್ಟು. ಸ್ನೇರ್ ಡ್ರಮ್ಮಿನ ಮೇಲೆ ಗೇಟ್ ಹಾಕಿದ ರಿವರ್ಬ್, ಅಂದರೆ ನಡುವೆ ಕತ್ತರಿಸಿದ ಪ್ರತಿಧ್ವನಿ, ದೊಡ್ಡ ಹಾಲಿನಲ್ಲಿ ಬಡಿದು ಥಟ್ಟನೆ ಬಾಗಿಲು ಹಾಕಿದ ಹಾಗೆ. ಆ ಗೇಟನ್ನು 288 ಮಿಲಿಸೆಕೆಂಡಿಗೆ ಮುಚ್ಚಿದೆ, ಈ ಲಯದಲ್ಲಿ ಸರಿಯಾಗಿ ಅರ್ಧ ಪೆಟ್ಟು. ಅದಕ್ಕಿಂತ ಉದ್ದವಾದರೆ ಬಾಲ ಮುಂದಿನ ಹೈ-ಹ್ಯಾಟಿನ ಮೇಲೆ ಬೀಳುತ್ತದೆ.

ಕೇಳಿಸಲು ನಾಲ್ಕು ಜನರನ್ನು ಆರಿಸಿಕೊಂಡೆ. ಒಬ್ಬರು ಎಂಬತ್ತರ ದಶಕದಿಂದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದ ಹಿರಿಯರು, ನಮಗೆಲ್ಲ ಮೇಷ್ಟ್ರು. ಇನ್ನೊಬ್ಬ ಗಣೇಶನ ಹಬ್ಬದ ಸೀಸನ್ನಿನಲ್ಲಿ ಮನೆಗೇ ಬಾರದ ರಿದಂ ಪ್ಯಾಡ್ (ಕೋಲಿನಿಂದ ಬಡಿಯುವ ಎಲೆಕ್ಟ್ರಾನಿಕ್ ಡ್ರಮ್) ಗೆಳೆಯ. ಮೂರನೆಯವರು ಕರ್ನಾಟಕ ಸಂಗೀತದ ಪಿಟೀಲು ಪಾಠ ಹೇಳುವ ಅಕ್ಕ. ನಾಲ್ಕನೆಯವನು ಬೆಂಗಳೂರಿನಲ್ಲಿ ಮಿಕ್ಸಿಂಗ್ ಮಾಡುವ ಹುಡುಗ. ನನ್ನ ಹಾಗೆಯೇ ಸಿಂಥ್ ಹುಚ್ಚು ಹಿಡಿದವರನ್ನು ಬೇಕೆಂದೇ ಬಿಟ್ಟೆ. ಅವರಿಗೆ ಯಾವ ಪ್ಲಗಿನ್ ಅಂತ ಕೇಳುವುದರಲ್ಲೇ ಆಸಕ್ತಿ, ಪಾಪ.

ಒಬ್ಬೊಬ್ಬರಿಗೆ ಒಂದೊಂದೇ ಪ್ರಶ್ನೆ. ರಿದಂ ಪ್ಯಾಡ್ ಗೆಳೆಯನಿಗೆ: ‘1:14ರಿಂದ ಮುಂದೆ ತಾಳ ಓಡುತ್ತಾ, ಎಳೆಯುತ್ತಾ?’ ಅಕ್ಕನಿಗೆ: ‘ಇದು ಯಾವ ರಾಗ ಅನ್ನಿಸುತ್ತೆ?’ ರಾಗದ ಹೆಸರು ನಾನು ಹೇಳಲಿಲ್ಲ. ಮಿಕ್ಸಿಂಗ್ ಹುಡುಗನಿಗೆ: ‘ಫೋನಿನಲ್ಲಿ ಕೇಳು, ಏನು ಕಾಣೆಯಾಗಿದೆ ಹೇಳು.’ ಮೇಷ್ಟ್ರಿಗೆ ಎರಡು ಫೈಲು ಕೊಟ್ಟು ‘ಯಾವುದು ಆ ಕಾಲದ್ದು?’ ಅಂತ ಕೇಳಿದೆ. ಜೊತೆಗೆ ಎಲ್ಲರಿಗೂ ಒಂದು ಸಾಲು: ಇದು ಕರಡು, ಉದ್ದ ಬದಲಾಗುತ್ತದೆ, ಅದರ ಬಗ್ಗೆ ಈಗ ಬೇಡ. ಇಷ್ಟು ಬರೆದರೆ ಸಾಕು, ಜನ ಗಂಭೀರವಾಗಿ ಕೇಳುತ್ತಾರೆ. ಕೆಲಸ ಕೊಟ್ಟರೆ ಮಾಡುತ್ತಾರೆ, ಅಭಿಪ್ರಾಯ ಕೇಳಿದರೆ ಹೊಗಳುತ್ತಾರೆ.

ಫೈಲಿನ ಸಂಗತಿಯೂ ಸಣ್ಣದಲ್ಲ. 24 ಬಿಟ್, 44.1 ಕಿಲೋಹರ್ಟ್ಸ್ ವೇವ್ ಫೈಲು ನಿಮಿಷಕ್ಕೆ ಸುಮಾರು 16 ಎಂಬಿ ತಿನ್ನುತ್ತದೆ. ನಾಲ್ಕು ನಿಮಿಷಕ್ಕೆ 60 ದಾಟುತ್ತದೆ. ಬಸ್ಸಿನಲ್ಲಿ ಕೂತವನಿಗೆ ಅದನ್ನು ಕಳಿಸಿದರೆ ಅವನು ರಾತ್ರಿ ಮನೆಗೆ ಹೋಗಿ ಇಳಿಸಿಕೊಳ್ಳೋಣ ಅಂದುಕೊಳ್ಳುತ್ತಾನೆ, ಆಮೇಲೆ ಮರೆಯುತ್ತಾನೆ. ಮಿಕ್ಸಿಂಗ್ ಹುಡುಗನಿಗೆ ಮಾತ್ರ ವೇವ್ ಲಿಂಕನ್ನೂ ಕೊಟ್ಟೆ, ಉಳಿದವರಿಗೆ 320ರ ಎಂಪಿ3, ಹತ್ತು ಎಂಬಿಯೊಳಗೆ. ಎರಡು ರೂಪ ಹೋಲಿಸಲು ಕೊಡುವಾಗ ಎರಡರ ಜೋರನ್ನೂ ಮೀಟರಿನಲ್ಲಿ ನೋಡಿ ಒಂದೇ ಮಟ್ಟಕ್ಕೆ ತರಬೇಕು. ನಾನು ಎರಡನ್ನೂ, ಕಿವಿಗೆ ಕೇಳುವ ಜೋರಿನ ಅಳತೆಯಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತಂದೆ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ಚೆಂದ ಅನ್ನುತ್ತದೆ. ಆಗ ನೀವು ಪಡೆದದ್ದು ಅಭಿಪ್ರಾಯವಲ್ಲ, ವಾಲ್ಯೂಮಿನ ಲೆಕ್ಕ.

ಮೇಷ್ಟ್ರಿಗೆ ಕೊಟ್ಟ ಎರಡರಲ್ಲಿ ಒಂದಕ್ಕೆ ನಾನು ಕ್ಯಾಸೆಟ್ಟಿನ ಹಿಸ್ (‘ಸ್ಸ್’ ಅನ್ನುವ ಸದ್ದು), ಟೇಪಿನ ಅಲುಗಾಟ, ಪ್ಯಾಡಿಗೆ ಶ್ರುತಿಯ ತೂಗಾಟ ಎಲ್ಲ ಹಾಕಿದ್ದೆ. ಇನ್ನೊಂದು ಶುದ್ಧ. ಹೆಸರು ಬರೀ ‘ಒಂದು’, ‘ಎರಡು’. ಇದನ್ನು ಮಾತ್ರ ಫೋನಿನಲ್ಲಿ ಕಳಿಸದೆ ಅವರ ಮನೆಗೇ ಹೋಗಿ, ಹೆಡ್‌ಫೋನ್ ಹಾಕಿ ಎದುರು ಕೂತೆ. ಕೇಳುವವರ ಎದುರು ಕೂತರೆ ಮಾತಿಗಿಂತ ಮೊದಲು ಮುಖ ಹೇಳುತ್ತದೆ. ಹಿಸ್ ಬಂದ ಕೂಡಲೇ ಮೇಷ್ಟ್ರ ಕೈ ಹೆಡ್‌ಫೋನ್ ಪಿನ್ ತಿರುಗಿಸಲು ಹೋಯಿತು, ಲೂಸ್ ಕನೆಕ್ಷನ್ ಅಂದುಕೊಂಡು.

‘ಹಿಸ್ ನೀನೇ ಹಾಕಿದ್ದಾ? ಡಾಲ್ಬಿ ಗುಂಡಿ ಒತ್ತಿ ಒತ್ತಿ ನಾವು ಅದನ್ನ ತೆಗೆಯೋಕೆ ಸಾಯ್ತಿದ್ವಲ್ಲಪ್ಪಾ!’

ಆಮೇಲೆ ಪ್ಯಾಡಿನ ಶ್ರುತಿಯ ವಿಷಯ. ಹಳೇ ಸಿಂಥ್ ಅಂದರೆ ಶ್ರುತಿ ಅಲ್ಲಾಡಬೇಕು ಅಂತ ನಮ್ಮ ಕಾಲದವರಿಗೆ ಒಂದು ನಂಬಿಕೆ. ಮೇಷ್ಟ್ರು ಹೇಳಿದ್ದು ಬೇರೆ. ಎಪ್ಪತ್ತರ ದಶಕದ ವಿಸಿಒ ಯಂತ್ರಗಳು, ಅಂದರೆ ವೋಲ್ಟೇಜಿನಿಂದ ಸ್ವರ ಹಿಡಿಯುವಂಥವು, ಬಿಸಿಗೆ ಶ್ರುತಿ ಬಿಡುತ್ತಿದ್ದವು ನಿಜ. ಆ ಕಾಟ ತಪ್ಪಲಿ ಅಂತಲೇ ಜೂನೋದಂಥವುಗಳಲ್ಲಿ ಡಿಜಿಟಲ್ ಹಿಡಿತದ ಡಿಸಿಒ ಬಂತು, ಗಡಿಯಾರದ ಹಾಗೆ ನಿಂತ ಶ್ರುತಿ. ಅದರ ಹರವು ಬರುತ್ತಿದ್ದದ್ದು ಕೋರಸ್ಸಿನಿಂದ. ಜೂನೋದ ಹೆಸರಿನಲ್ಲಿ ತೂಗಾಡುವ ಪ್ಯಾಡ್ ಅವರ ಕಿವಿಗೆ ಕೆಟ್ಟುಹೋದ ಪೀಸ್.

ಮೂರನೆಯ ಮಾತು ನಾನು ಕೇಳದೆ ಇದ್ದದ್ದು, ಎಲ್ಲಕ್ಕಿಂತ ಬೆಲೆಬಾಳುವುದೂ ಅದೇ. ‘ಕಾರ್ಡ್ ಬದಲಾದ ಮೇಲೂ ಹಿಂದಿನದು ಇನ್ನೂ ಕೇಳ್ತಿದೆಯಲ್ಲ, ಅಷ್ಟು ವಾಯ್ಸ್ ಎಲ್ಲಿತ್ತು ಆಗ?’ 1984ರ ಜೂನೋ-106ರಲ್ಲಿ ಒಟ್ಟಿಗೆ ನುಡಿಯುವುದು ಆರೇ ಸ್ವರ. ನನ್ನ ಪ್ಯಾಡಿನಲ್ಲಿ ಐದು ಸ್ವರದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಉದ್ದನೆಯ ರಿಲೀಸ್ (ಬೆರಳು ಎತ್ತಿದ ಮೇಲೂ ಉಳಿಯುವ ಬಾಲ). ಬಾಲದ ಮೇಲೆ ಬಾಲ ಕೂತು ಹತ್ತು ಹದಿನೈದು ಸ್ವರ ಒಟ್ಟಿಗೆ ಹರಿಯುತ್ತಿದ್ದವು. ಮನೆಗೆ ಬಂದು ಸರ್ಜ್‌ನಲ್ಲಿ ಪಾಲಿಫೊನಿಯನ್ನು (ಒಟ್ಟಿಗೆ ನುಡಿಯುವ ಸ್ವರಗಳ ಲೆಕ್ಕ) ಆರಕ್ಕೆ ಕಟ್ಟಿದೆ. ಹೊಸ ಕಾರ್ಡ್ ಬಂದಾಗ ಹಳೆಯದರ ಬಾಲ ಕಟ್ ಆಗತೊಡಗಿತು. ಇಕ್ಯೂನಲ್ಲಿ (ಸದ್ದಿನ ಮೇಲು, ನಡು, ಕೆಳ ಭಾಗಗಳನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ಎಷ್ಟು ಕೆರೆದರೂ ಹೋಗದ ನಡುಭಾಗದ ಕೆಸರು ಅಷ್ಟಕ್ಕೇ ತಿಳಿಯಾಯಿತು, ಜೊತೆಗೆ ಸದ್ದು ಒಂದೇ ಏಟಿಗೆ ನಲವತ್ತು ವರ್ಷ ಹಿಂದಕ್ಕೂ ಹೋಯಿತು. ಅಲ್ಲಿಂದೀಚೆಗೆ ನನ್ನ ತಲೆಯಲ್ಲಿ ‘ರೆಟ್ರೋ’ ಅಂದರೆ ಕೊಳೆ ಅಲ್ಲ, ಆ ಯಂತ್ರಕ್ಕೆ ಏನು ಸಾಧ್ಯವಿರಲಿಲ್ಲ ಅನ್ನುವುದರ ಪಟ್ಟಿ. ಹಿಸ್ ಪೂರ್ತಿ ತೆಗೆದೆ. ತೂಗಾಟವನ್ನು ಲೀಡಿಗೆ (ಮುಂದೆ ನಿಂತು ರಾಗ ನುಡಿಸುವ ಸದ್ದಿಗೆ) ಮಾತ್ರ ಉಳಿಸಿಕೊಂಡೆ, ಅದು ಎಪ್ಪತ್ತರ ಮಾದರಿಯ ಸದ್ದು, ಅದಕ್ಕೆ ಹಕ್ಕಿದೆ.

ಅಕ್ಕನ ಉತ್ತರ ಧ್ವನಿ ಸಂದೇಶದಲ್ಲಿ ಬಂತು, ಹಿಂದೆ ಯಾವುದೋ ಮಗು ಸರಳೆವರಸೆ ತಪ್ಪು ತಪ್ಪಾಗಿ ನುಡಿಸುತ್ತಿತ್ತು. ‘ಮೇಲೆ ಹಿಂದೋಳ ಹೋಗ್ತಿದೆ. ಕೆಳಗೆ ಯಾರಪ್ಪ ಅದು ಪಂಚಮ ಹಿಡ್ಕೊಂಡು ಕೂತಿರೋದು?’ ಹಿಂದೋಳದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಮೇಲಿನ ಆರ್ಪೆಜಿಯೊ ಎ, ಸಿ, ಡಿ, ಎಫ್, ಜಿ ಬಿಟ್ಟು ಕದಲುತ್ತಿರಲಿಲ್ಲ. ಆದರೆ ಪ್ಯಾಡ್ ಹಿಡಿದ ಎ ಮೈನರ್ ಕಾರ್ಡಿನಲ್ಲಿ ‘ಇ’ ಇದೆ, ಅದೇ ಪಂಚಮ. ಪಾಶ್ಚಾತ್ಯ ಕಿವಿಗೆ ಅದು ನೆಲಗಟ್ಟು. ಅಕ್ಕನ ಕಿವಿಗೆ ಕರೆಯದೆ ಬಂದ ನೆಂಟ. ಆ ‘ಇ’ಯನ್ನು ಅರ್ಧ ಮನೆ ಏರಿಸಿ ‘ಎಫ್’ ಮಾಡಿದೆ. ಕೈಯಲ್ಲಿ ಒಂದೇ ಬೆರಳು ಸರಿದದ್ದು. ಕಾರ್ಡ್ ಎಫ್ ಮೇಜರಿನ ತಿರುವಾಯಿತು, ಬೇಸ್ ಎ ಮೇಲೇ ನಿಂತಿತ್ತು, ಶುದ್ಧ ಧೈವತ ಕೆಳಗಿನಿಂದಲೂ ಕೇಳಿಸತೊಡಗಿ ರಾಗ ಗಟ್ಟಿಯಾಯಿತು. ಆದರೆ ಆರ್ಪೆಜಿಯೊ ನಿಂತುಹೋಗುವ ಕೊನೆಯ ಭಾಗದಲ್ಲಿ ಎ ಮೈನರನ್ನೇ ಉಳಿಸಿಕೊಂಡೆ. ಅಕ್ಕನಿಗೆ ಇದು ಇಷ್ಟವಿಲ್ಲ. ಇದು ಕಚೇರಿಯಲ್ಲ ಅನ್ನುವುದು ನನ್ನ ವಾದ. ಹಾಗಾದರೆ ಹಿಂದೋಳ ಅನ್ನಬೇಡ ಅನ್ನುವುದು ಅವರ ವಾದ. ಅನ್ನುವುದಿಲ್ಲ.

ರಿದಂ ಪ್ಯಾಡ್ ಗೆಳೆಯ ಮೆಷಿನ್ ಡ್ರಮ್ಮಿಗೆ ಜೀವ ಇಲ್ಲ ಅಂತ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದು ಉಲ್ಟಾ: ‘ಮಗಾ, ಕಿಕ್ಕು ಸ್ನೇರು ಅಲ್ಲಾಡಿಸ್ಬೇಡ, ಗೂಟ ಹೊಡ್ದಂಗೆ ನಿಲ್ಲಿಸು. ಹೈ-ಹ್ಯಾಟ್ ಮಾತ್ರ ಒಂಚೂರು ಎಳಿ.’ ಸ್ವಿಂಗ್ ಅನ್ನುವುದು, ಅಂದರೆ ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತಡ ಮಾಡುವುದು, ಡ್ರಮ್ ಮೆಷಿನ್ನಿನೊಳಗೇ ಬಂದದ್ದು ರೋಜರ್ ಲಿನ್ ಮಾಡಿದ ಎಲ್‌ಎಂ-1ರ ಕಾಲಕ್ಕೆ, 1980ರ ಹೊತ್ತಿಗೆ. ಹಾಗಾಗಿ ಕಾಲದ ದೃಷ್ಟಿಯಿಂದಲೂ ನ್ಯಾಯವೇ. ಜೋಡಿಯಲ್ಲಿ ಎರಡನೆಯ ಹದಿನಾರನೇ ಭಾಗವನ್ನು ಸ್ವಲ್ಪವೇ ತಡ ಮಾಡಿದೆ. ಟ್ರ್ಯಾಕ್ ಕಾಲು ಕುಣಿಸತೊಡಗಿತು.

ಮಿಕ್ಸಿಂಗ್ ಹುಡುಗನದು ಒಂದೇ ಸಾಲು: ‘ಅಣ್ಣಾ, ಬೇಸ್ ಎಲ್ಲಿ?’ ಬೇಸಿನ ಷಡ್ಜ 55 ಹರ್ಟ್ಸ್. ಫೋನಿನ ಸ್ಪೀಕರಿಗೆ ಅದು ಇಲ್ಲವೇ ಇಲ್ಲ. ಜೋರು ಮಾಡಿ ಪ್ರಯೋಜನವಿಲ್ಲ. ಬೇಸ್ ಟ್ರ್ಯಾಕಿನ ನಕಲು ಮಾಡಿ, ಅದಕ್ಕೆ ಸ್ಯಾಚುರೇಶನ್ (ಮೇಲಿನ ಸ್ವರಾಂಶ ಹುಟ್ಟಿಸುವ ಒರಟುತನ) ಕೊಟ್ಟು, ಕೆಳಗಿನದೆಲ್ಲ ಕತ್ತರಿಸಿ, 220ರ ಸುತ್ತಮುತ್ತಲ ಮತ್ತು ಅದರ ಮೇಲಿನ ಸ್ವರಾಂಶಗಳು ಮಾತ್ರ ಉಳಿಯುವಂತೆ ತೆಳುವಾಗಿ ಬೆರೆಸಿದೆ. ಅಷ್ಟು ಕೇಳಿದರೆ ಕಿವಿ ತಾನಾಗಿ ಕೆಳಗಿನದನ್ನು ತುಂಬಿಕೊಳ್ಳುತ್ತದೆ.

ಪರಸ್ಪರ ಹೊಡೆದಾಡುವ ಸಲಹೆಗಳೂ ಬಂದವು. 37ನೇ ಸೆಕೆಂಡಿಗೆ, ಹದಿನಾರು ಆವರ್ತ ಮುಗಿದ ಮೇಲೆ, ತಾಳ ಶುರುವಾಗುತ್ತದೆ. ರಿದಂ ಪ್ಯಾಡ್ ಗೆಳೆಯನಿಗೆ ತಡವಾಯಿತು, ಅಕ್ಕನಿಗೆ ಬೇಗವಾಯಿತು. ಇಬ್ಬರನ್ನೂ ನಾನು ಆ ಜಾಗದ ಬಗ್ಗೆ ಕೇಳಿಯೇ ಇರಲಿಲ್ಲ. ಇಬ್ಬರೂ ತಾವಾಗಿ ಒಂದೇ ಜಾಗಕ್ಕೆ ಕೈ ತೋರಿಸಿದರೆ ಅಲ್ಲಿ ಏನೋ ಇದೆ ಅಂತ ನಂಬಬೇಕು, ಅವರು ಹೇಳಿದ ಮದ್ದನ್ನು ಮಾತ್ರ ನಂಬಬೇಕಿಲ್ಲ. ಕೂತು ಕೇಳಿದರೆ ಆ ಜಾಗದಲ್ಲಿ ಕಿಕ್ಕು, ಬೇಸು, ಪ್ಯಾಡಿನ ಹೊಳಪನ್ನು ತಡೆಯುವ ಫಿಲ್ಟರ್ ತೆರೆಯುವುದು ಮೂರೂ ಒಟ್ಟಿಗೆ ಬೀಳುತ್ತಿದ್ದವು. ತಾಳವನ್ನು ಮುಟ್ಟಲಿಲ್ಲ. ಬೇಸನ್ನು ಎಂಟು ಆವರ್ತ ಮೊದಲೇ ತಂದೆ, ಫಿಲ್ಟರನ್ನು ಮೊದಲಿನಿಂದಲೇ ನಿಧಾನವಾಗಿ ತೆರೆದೆ. ಮತ್ತೆ ಕಳಿಸಿದಾಗ ಆ ಜಾಗದ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ‘ಇದಕ್ಕೆ ಯಾರಾದ್ರೂ ಹಾಡಿದ್ರೆ ಚೆನ್ನಾಗಿರುತ್ತೆ’ ಅನ್ನುವ ಸಲಹೆ ಎಲ್ಲ ವಾದ್ಯದ ಟ್ರ್ಯಾಕಿಗೂ ಬರುತ್ತದೆ, ಇದಕ್ಕೂ ಬಂತು. ಅದಕ್ಕೆ ನಗುವ ಎಮೋಜಿ ಸಾಕು.

ಎರಡನೇ ಸಲ ಕಳಿಸುವಾಗ ಏನು ಬದಲಾಯಿಸಿದೆ, ಯಾರ ಮಾತಿಗೆ ಬದಲಾಯಿಸಿದೆ ಅಂತ ನಾಲ್ಕು ಸಾಲು ಬರೆದೆ. ಒಪ್ಪದೆ ಬಿಟ್ಟದ್ದನ್ನೂ ಬರೆದೆ. ತನ್ನ ಮಾತು ಎಲ್ಲಿಗೆ ಹೋಯಿತು ಅಂತ ಗೊತ್ತಾದವನು ಮುಂದಿನ ಸಲ ಇನ್ನೂ ಗಮನ ಕೊಟ್ಟು ಕೇಳುತ್ತಾನೆ.

ಮೇಷ್ಟ್ರು ಮಾತ್ರ ಫೈಲು ಕೇಳುವ ಮೊದಲೇ ಫೋನ್ ಮಾಡಿ, ಆ ಡೆಕ್ಸ್‌ಡ್ ಅನ್ನುವುದನ್ನು ತಮ್ಮ ಮೊಮ್ಮಗಳ ಲ್ಯಾಪ್‌ಟಾಪಿಗೆ ಹಾಕಿಕೊಡು ಅಂದರು. ಡಿಎಕ್ಸ್7ರ 32 ಸದ್ದುಗಳ ಇಡೀ ಬ್ಯಾಂಕು 4 ಕಿಲೋಬೈಟಿನಲ್ಲಿ ಮುಗಿಯುತ್ತದೆ, ವಾಟ್ಸಾಪಿನ ಒಂದು ಶುಭೋದಯದ ಚಿತ್ರಕ್ಕಿಂತ ಚಿಕ್ಕದು. ಆಗ ಆರ್ಕೆಸ್ಟ್ರಾಕ್ಕೆ ಬಾಡಿಗೆಗೆ ತಂದ ಕೀಬೋರ್ಡಿನಲ್ಲಿ ತಾವು ಮಾಡಿಕೊಂಡಿದ್ದ ಒಂದು ಕೊಳಲಿನ ಸದ್ದನ್ನು ನೆನಪಿನ ಮೇಲೇ ಮತ್ತೆ ಕಟ್ಟಿ ಈಗ ಕಳಿಸಿದ್ದಾರೆ. ಉಸಿರು ಸ್ವಲ್ಪ ಹೆಚ್ಚಾಯಿತು, ಉಳಿದದ್ದು ಚೆಂದ. ಮುಂದಿನ ಟ್ರ್ಯಾಕ್ ಅದರ ಮೇಲೇ ಮಾಡುತ್ತಿದ್ದೇನೆ. ಅದರ ಕರಡನ್ನು ಅವರಿಗೆ ಕೇಳಿಸುವುದಿಲ್ಲ. ಅವರ ಕೊಳಲಿನ ಬಗ್ಗೆ ಅವರನ್ನೇ ಕೇಳಿದರೆ ‘ಸೂಪರ್’ ಅಂದುಬಿಡುತ್ತಾರೆ. ಪಿಟೀಲಿನ ಅಕ್ಕನಿಗೆ ಕಳಿಸುತ್ತೇನೆ.